ಹಳೇ ಹೈಬ್ರಿಡ್ ಕಾರು ತಗೊಳ್ಳೋ ಮುಂಚೆ: ಐದು ವರ್ಷ ಓಡಿಸಿದ ಮೇಲೆ ನನಗೆ ತಿಳಿದದ್ದು

ನನ್ನ ಹೈಬ್ರಿಡ್ ಕಾರು, ಅಂದರೆ ಎಂಜಿನ್ ಜೊತೆಗೆ ದೊಡ್ಡ ಬ್ಯಾಟರಿಯಿಂದ ನಡೆಯುವ ಮೋಟಾರೂ ಇರುವ ಕಾರು, ನನ್ನ ಕೈಗೆ ಬಂದಾಗ ಅದಕ್ಕೆ ಆಗಲೇ ಏಳು ವರ್ಷ. ಮೀಟರ್ 92,000 ಕಿ.ಮೀ. ತೋರಿಸುತ್ತಿತ್ತು. ಈಗ 1,71,000 ದಾಟಿದೆ. ಈ ಐದು ವರ್ಷದಲ್ಲಿ ಕೈ ಕೊಟ್ಟಿದ್ದು ಒಂದೇ ಸಲ, ಅದೂ ದೊಡ್ಡ ಬ್ಯಾಟರಿಯಿಂದಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕಂದ್ರೆ ಹಳೇ ಹೈಬ್ರಿಡ್ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ಒಂದೇ ಪ್ರಶ್ನೆ: ಬ್ಯಾಟರಿ ಹೋದ್ರೆ ಏನ್ ಗತಿ? ಆ ಭಯ ಸುಳ್ಳಲ್ಲ. ಆದರೆ ಆ ಒಂದೇ ಪ್ರಶ್ನೆ ಹಿಡಿದುಕೊಂಡು ಹೋಗುವವರು ಬ್ಯಾಟರಿಗೆ ಗಾಳಿ ಎಲ್ಲಿಂದ ಬರುತ್ತೆ, ಎಂಜಿನ್ ತಣ್ಣಗಿದ್ದಾಗ ಹೇಗೆ ಏಳುತ್ತೆ, ಬ್ರೇಕ್ ಕೊನೇ ಸಲ ಬಿಚ್ಚಿದ್ದು ಯಾವಾಗ ಅಂತ ಕೇಳುವುದೇ ಇಲ್ಲ. ನನಗೆ ಖರ್ಚು ತಂದದ್ದು ಇವೇ. ದೊಡ್ಡ ಬ್ಯಾಟರಿ ಇನ್ನೂ ಕಂಪನಿಯಿಂದ ಬಂದದ್ದೇ ಇದೆ.

ಮೊದಲು ಅದು ಎಂಥಾ ಹೈಬ್ರಿಡ್ ಅಂತ ತಿಳಿದುಕೊಳ್ಳಿ. ಮಾರುವವರು ಎಲ್ಲದಕ್ಕೂ ಹೈಬ್ರಿಡ್ ಅಂತಲೇ ಹೇಳುತ್ತಾರೆ. ಮೈಲ್ಡ್ ಹೈಬ್ರಿಡ್‌ನಲ್ಲಿ ಮೋಟಾರ್ ಎಂಜಿನ್‌ಗೆ ಸ್ವಲ್ಪ ಕೈ ಜೋಡಿಸುತ್ತದೆ ಅಷ್ಟೇ, ಸಾಮಾನ್ಯವಾಗಿ ಬರೀ ಮೋಟಾರ್ ಮೇಲೆ ಕಾರು ಓಡುವುದಿಲ್ಲ. ಫುಲ್ ಹೈಬ್ರಿಡ್ ಎಂಜಿನ್ ಆಫ್ ಮಾಡಿ ಸ್ವಲ್ಪ ದೂರ ತಾನೇ ಓಡುತ್ತದೆ. ಪ್ಲಗ್-ಇನ್ ಆದರೆ ಚಾರ್ಜ್ ಹಾಕಬೇಕು, ಆಗ ಕೇಬಲ್ ಜೊತೆಗಿದೆಯಾ, ಫುಲ್ ಚಾರ್ಜ್‌ಗೆ ನಿಜಕ್ಕೂ ಎಷ್ಟು ಕಿ.ಮೀ. ಹೋಗುತ್ತೆ ಅಂತ ಓಡಿಸಿಯೇ ನೋಡಬೇಕು. ನಾನು ಇಲ್ಲಿ ಹೇಳುತ್ತಿರುವುದು ಹೆಚ್ಚಾಗಿ ಫುಲ್ ಹೈಬ್ರಿಡ್ ಬಗ್ಗೆ.

ಬ್ಯಾಟರಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಟೊಯೊಟಾ ಪ್ರಿಯಸ್ ಅನ್ನೋ ಫುಲ್ ಹೈಬ್ರಿಡ್ ಕಾರು 1997ರ ಡಿಸೆಂಬರ್‌ನಲ್ಲಿ ಜಪಾನ್‌ನಲ್ಲಿ ಮಾರಾಟಕ್ಕೆ ಬಂತು. ಅಂದರೆ ಈ ತಂತ್ರಜ್ಞಾನ ರಸ್ತೆಗೆ ಬಂದು ಕಾಲು ಶತಮಾನ ದಾಟಿದೆ, ಹೊಸ ಪ್ರಯೋಗ ಅಲ್ಲ. ಅದರ ಎರಡನೇ ಮತ್ತು ಮೂರನೇ ತಲೆಮಾರಿನ ಕಾರುಗಳ ದೊಡ್ಡ ಬ್ಯಾಟರಿಯಲ್ಲಿ 28 ಮಾಡ್ಯೂಲ್, ಅಂದರೆ ಸಣ್ಣ ಸಣ್ಣ ಬ್ಯಾಟರಿ ತುಂಡುಗಳು ಇರುತ್ತವೆ, ಒಂದೊಂದರಲ್ಲಿ 6 ಸೆಲ್, ಒಟ್ಟು 201.6 ವೋಲ್ಟ್. ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಫೋನ್ ಬ್ಯಾಟರಿ ಮೂರು ವರ್ಷಕ್ಕೆ ಸೊರಗುವುದನ್ನು ನೋಡಿ ನಾವು ಇದನ್ನೂ ಹಾಗೇ ಅಂದುಕೊಳ್ಳುತ್ತೇವೆ. ಆದರೆ ಫೋನನ್ನು ನಾವು ಪೂರ್ತಿ ತುಂಬಿಸಿ ಪೂರ್ತಿ ಖಾಲಿ ಮಾಡುತ್ತೇವೆ, ಕಾರಿನ ಕಂಪ್ಯೂಟರ್ ಹಾಗೆ ಮಾಡಲು ಬಿಡುವುದೇ ಇಲ್ಲ. ಹೆಚ್ಚುಕಡಿಮೆ 40ರಿಂದ 80 ಪರ್ಸೆಂಟ್ ನಡುವೆಯೇ ಅದನ್ನು ಆಡಿಸುತ್ತಿರುತ್ತದೆ. ಅದಕ್ಕೇ ಇವು ಅಷ್ಟು ವರ್ಷ ಬಾಳುವುದು. ಇವನ್ನು ಕೊಲ್ಲುವುದು ಮುಖ್ಯವಾಗಿ ಎರಡು: ಬಿಸಿ, ಮತ್ತೆ ತಿಂಗಳುಗಟ್ಟಲೆ ಸುಮ್ನೆ ನಿಲ್ಲಿಸಿಡುವುದು.

ಬಿಸಿ ಅಂದಾಗ ನನ್ನ ಕಾರಿನ ಕಥೆ ಹೇಳುತ್ತೇನೆ. ತುಂಬಾ ಹೈಬ್ರಿಡ್‌ಗಳಲ್ಲಿ ಬ್ಯಾಟರಿ ಹಿಂದಿನ ಸೀಟಿನ ಕೆಳಗೋ ಹಿಂದೆಯೋ ಇರುತ್ತದೆ, ಅದನ್ನು ತಣ್ಣಗಿಡಲು ಒಂದು ಫ್ಯಾನ್ ಕಾರಿನ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಆ ಗಾಳಿ ಹೋಗುವ ಜಾಲರಿ ಹಿಂದಿನ ಸೀಟಿನ ಪಕ್ಕದಲ್ಲಿ ಕಾಣುತ್ತದೆ. ಕಾರು ತಂದ ಎರಡನೇ ತಿಂಗಳಿಂದ ಹಿಂದೆ ಹುಯ್ ಅಂತ ಸದ್ದು ಶುರುವಾಯಿತು, ಬಿಸಿಲು ಜಾಸ್ತಿ ಇದ್ದ ದಿನ ಇನ್ನೂ ಜೋರು. ಕೊನೆಗೆ ಬಿಚ್ಚಿಸಿ ನೋಡಿದರೆ ಫ್ಯಾನ್ ತುಂಬಾ ನಾಯಿಯ ಕೂದಲು, ದೂಳು ಸೇರಿ ಕಂಬಳಿ ಥರ ಆಗಿತ್ತು. ಹಿಂದಿನ ಮಾಲೀಕರು ನಾಯಿಯನ್ನು ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಓಡಾಡುತ್ತಿದ್ದರಂತೆ, ಪಾಪ ಅವರಿಗೂ ಗೊತ್ತಿರಲಿಲ್ಲ. ಕ್ಲೀನ್ ಮಾಡಿದ ದಿನವೇ ಸದ್ದು ನಿಂತಿತು. ಇನ್ನೊಂದೆರಡು ಬೇಸಿಗೆ ಹಾಗೇ ಓಡಿದ್ದರೆ ಬ್ಯಾಟರಿ ಕಥೆ ಮುಗಿಯುತ್ತಿತ್ತು ಅಂತ ಮೆಕ್ಯಾನಿಕ್ ಹೇಳಿದರು. ಹಾಗಾಗಿ ಕಾರು ನೋಡಲು ಹೋದಾಗ ಬಾನೆಟ್ ಎತ್ತುವ ಮೊದಲು ಹಿಂದಿನ ಬಾಗಿಲು ತೆಗೆಯಿರಿ. ಮೊಬೈಲ್ ಟಾರ್ಚ್ ಹಾಕಿ ಆ ಜಾಲರಿಯೊಳಗೆ ನೋಡಿ. ಅಲ್ಲಿ ಬ್ಯಾಗು, ಬಟ್ಟೆ ಒತ್ತಿ ಇಟ್ಟಿದ್ದರೆ ಆ ಕಾರನ್ನು ಹೇಗೆ ನೋಡಿಕೊಂಡಿದ್ದಾರೆ ಅಂತ ಅರ್ಧ ಗೊತ್ತಾಗಿಬಿಡುತ್ತದೆ. ಈಗ ನಾನು ವರ್ಷಕ್ಕೊಮ್ಮೆ ಅದನ್ನು ಕ್ಲೀನ್ ಮಾಡಿಸುತ್ತೇನೆ.

ಇನ್ನು ಆ ಕೈ ಕೊಟ್ಟ ದಿನ. ಬೆಳಗ್ಗೆ ಬಟನ್ ಒತ್ತಿದೆ, ಡ್ಯಾಶ್‌ಬೋರ್ಡ್ ಮೇಲೆ ಇರೋಬರೋ ಲೈಟೆಲ್ಲ ಹತ್ತಿಕೊಂಡವು, ಕಾರು ಹೊರಡಲು ಸಿದ್ಧ ಅಂತ ಹೇಳುವ ‘ರೆಡಿ’ ಮಾತ್ರ ಬರಲಿಲ್ಲ. ಎದೆ ಧಸಕ್ಕೆಂದಿತು. ದೊಡ್ಡ ಬ್ಯಾಟರಿಯೇ ಹೋಯ್ತು ಅಂದುಕೊಂಡೆ. ಹೋಗಿದ್ದು 12 ವೋಲ್ಟಿನ ಸಣ್ಣ ಬ್ಯಾಟರಿ. ಹೈಬ್ರಿಡ್‌ನಲ್ಲೂ ಅದು ಇರುತ್ತದೆ, ಕೆಲವು ಕಾರಲ್ಲಿ ಹಿಂದಿನ ಡಿಕ್ಕಿಯಲ್ಲಿ. ಕಂಪ್ಯೂಟರ್‌ಗಳು ಏಳುವುದು, ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ರಿಲೇ (ಸ್ವಿಚ್) ಕೂಡುವುದು ಎಲ್ಲ ಇದರಿಂದಲೇ. ಇದು ಸೊರಗಿದರೆ ಕಾರು ಸಂಬಂಧವೇ ಇಲ್ಲದ ವಾರ್ನಿಂಗ್‌ಗಳನ್ನು ತೋರಿಸುತ್ತದೆ. ಕೊಳ್ಳುವಾಗ ಇದು ಎಷ್ಟು ಹಳೆಯದು ಅಂತ ಕೇಳಿ, ಟೆಸ್ಟ್ ಮಾಡಿಸಿ. ನಾಲ್ಕೈದು ವರ್ಷ ಆಗಿದ್ದರೆ ಬದಲಾಯಿಸುವ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ. ಆದರೆ ತಿಂಗಳುಗಟ್ಟಲೆ ನಿಂತ ಕಾರಲ್ಲಿ ದೊಡ್ಡ ಬ್ಯಾಟರಿಯೇ ತೀರಾ ಇಳಿದುಹೋಗಿದ್ದರೆ ವಿಷಯ ಬೇರೆ. ಪ್ರಿಯಸ್ ಥರದ ಕಾರುಗಳಲ್ಲಿ ಮಾಮೂಲಿ ಸ್ಟಾರ್ಟರ್ ಇಲ್ಲ, ಎಂಜಿನ್ ತಿರುಗಿಸುವುದೇ ದೊಡ್ಡ ಬ್ಯಾಟರಿಯಿಂದ ನಡೆಯುವ ಮೋಟಾರ್. ಅಲ್ಲಿ ಜಂಪ್ ಕೇಬಲ್ ಹಾಕಿದರೂ ಪ್ರಯೋಜನ ಇಲ್ಲ.

ಕಾರು ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲೇಬೇಕು. ರಾತ್ರಿಯೆಲ್ಲ ನಿಂತಿರಬೇಕು. ಇದನ್ನು ಫೋನಲ್ಲೇ ಹೇಳಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಯಾಕೆ ಅಂತ ಕೇಳಿ. ಮೂರನೇ ತಲೆಮಾರಿನ ಪ್ರಿಯಸ್‌ನಲ್ಲಿ, ಅಂದರೆ 2009ರಲ್ಲಿ ಬಂದ 1.8 ಲೀಟರ್ ಎಂಜಿನ್ನಿನದರಲ್ಲಿ, ಇಜಿಆರ್ ದಾರಿಯಲ್ಲಿ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಕೊಳವೆ) ಮಸಿ ಕಟ್ಟಿಕೊಳ್ಳುವುದು, ಮುಂದೆ ಎಂಜಿನ್ನಿನ ಮೇಲ್ಭಾಗವನ್ನು ಸೋರದಂತೆ ಕೂಡಿಸುವ ಹೆಡ್ ಗ್ಯಾಸ್ಕೆಟ್ ಹೋಗುವುದು ಎಲ್ಲರಿಗೂ ಗೊತ್ತಿರುವ ತೊಂದರೆ. ಗ್ಯಾಸ್ಕೆಟ್ ಸೋರಲು ಶುರುವಾದಾಗ ರಾತ್ರಿ ಸ್ವಲ್ಪ ಕೂಲಂಟ್ ಸಿಲಿಂಡರ್ ಒಳಗೆ ಇಳಿಯುತ್ತದೆ, ಬೆಳಗ್ಗೆ ಎಂಜಿನ್ ಎದ್ದ ತಕ್ಷಣ ಇಡೀ ಕಾರು ಗಡಗಡ ನಡುಗುತ್ತದೆ. ಒಂದು ನಿಮಿಷದಲ್ಲಿ ಸರಿಹೋಗುತ್ತದೆ, ಆಮೇಲೆ ದಿನವಿಡೀ ಏನೂ ಗೊತ್ತಾಗುವುದಿಲ್ಲ. ಮೊದಲೇ ಬಿಸಿ ಮಾಡಿಟ್ಟ ಕಾರಲ್ಲಿ ಇದನ್ನು ಹಿಡಿಯಲು ಸಾಧ್ಯವೇ ಇಲ್ಲ. ಕೂಲಂಟ್ ಡಬ್ಬಿಯನ್ನೂ ನೋಡಿ. ಹಲವು ಹೈಬ್ರಿಡ್‌ಗಳಲ್ಲಿ ಎರಡು ಇರುತ್ತವೆ, ಒಂದು ಎಂಜಿನ್‌ಗೆ, ಇನ್ನೊಂದು ಬ್ಯಾಟರಿ ಕರೆಂಟನ್ನು ಮೋಟಾರಿಗೆ ಒಗ್ಗಿಸಿ ಕೊಡುವ ಇನ್ವರ್ಟರ್‌ಗೆ. ಎರಡನೆಯದು ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಎರಡರಲ್ಲೂ ಮಟ್ಟ ಸರಿ ಇರಬೇಕು, ಬಣ್ಣ ಕೆಟ್ಟಿರಬಾರದು.

ಆಮೇಲೆ ಓಡಿಸಿ. ಸುಮ್ನೆ ಒಂದು ರೌಂಡ್ ಹೊಡೆದು ಬರಬೇಡಿ, ಅರ್ಧ ಗಂಟೆಯಾದರೂ ಬೇಕು, ಅದರಲ್ಲಿ ಒಂದು ಏರು, ಒಂದು ಇಳಿಜಾರು, ಸ್ವಲ್ಪ ಟ್ರಾಫಿಕ್ ಇರಲಿ. ಕಣ್ಣು ಡಿಸ್‌ಪ್ಲೇಯಲ್ಲಿ ದೊಡ್ಡ ಬ್ಯಾಟರಿಯ ಚಾರ್ಜ್ ತೋರಿಸುವ ಗೆರೆಗಳ ಮೇಲಿರಲಿ. ಒಳ್ಳೇ ಬ್ಯಾಟರಿಯಲ್ಲಿ ಅವು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತವೆ. ಸಣ್ಣ ಇಳಿಜಾರಿಗೇ ಫುಲ್ ಆಗಿ, ಎರಡು ಸಲ ಆಕ್ಸಿಲರೇಟರ್ ಒತ್ತಿದ ತಕ್ಷಣ ತಳಕ್ಕೆ ಬಿದ್ದರೆ ಒಳಗೆ ಜಾಗ ಕಡಿಮೆಯಾಗಿದೆ ಅಂತ ಅರ್ಥ, ಪೂರ್ತಿ ಹೋಗಿರದಿದ್ದರೂ ದಾರಿ ಹಿಡಿದಿದೆ. ನಿಂತ ಮೇಲೆ ಎಸಿ ಹಾಕಿ ಐದು ಹತ್ತು ನಿಮಿಷ ಕೂತು ನೋಡಿ. ಎಂಜಿನ್ ಒಂದು ಸಲ ಎದ್ದು ಚಾರ್ಜ್ ಮಾಡಿ ಮಲಗಿದರೆ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಗಳಿಗೆ ಗಳಿಗೆಗೂ ಎದ್ದು ಮಲಗುತ್ತಿದ್ದರೆ ಅನುಮಾನಪಡಿ.

ಸ್ಕ್ಯಾನರ್ ತಪ್ಪದೆ ಹಾಕಿಸಿ. ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರ್ ಮಾಹಿತಿ ಓದುವ ಕಿಂಡಿ) ಚುಚ್ಚುವ ಸಣ್ಣ ಅಡಾಪ್ಟರ್ ಮತ್ತೆ ಫೋನಲ್ಲಿ ಒಂದು ಆ್ಯಪ್ ಇದ್ದರೆ ಸಾಕು. ಬ್ಯಾಟರಿಯ ಒಂದೊಂದು ಬ್ಲಾಕಿನ ವೋಲ್ಟೇಜೂ ಕಾಣುತ್ತದೆ. ನಾನು ಹೇಳಿದ ಪ್ರಿಯಸ್‌ಗಳಲ್ಲಿ ಎರಡೆರಡು ಮಾಡ್ಯೂಲ್ ಸೇರಿ ಇಂಥ 14 ಬ್ಲಾಕ್. ಸುಮ್ಮನೆ ನಿಂತಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಪಕ್ಕದಲ್ಲಿ ಒಬ್ಬರನ್ನು ಫೋನ್ ಹಿಡಿದು ಕೂರಿಸಿ, ಜೋರಾಗಿ ಎಳೆಯುವಾಗ ನೋಡಬೇಕು. ಹದಿಮೂರು ಒಟ್ಟಿಗೆ ಇಳಿದು ಒಂದು ಮಾತ್ರ ಇನ್ನೂ ಆಳಕ್ಕೆ ಇಳಿದರೆ ಅದೇ ಸೋತ ಬ್ಲಾಕ್. ಕಾರಿನ ಕಂಪ್ಯೂಟರ್ ದಾಖಲಿಸುವ ದೋಷದ ಕೋಡ್‌ಗಳಲ್ಲಿ ಪಿ0ಎ80 (P0A80) ಅನ್ನೋದು ಇದ್ದರೆ ಅದು ಹೈಬ್ರಿಡ್ ಬ್ಯಾಟರಿ ಬದಲಾಯಿಸಿ ಅಂತ ಹೇಳುವ ಕೋಡ್. ಆದರೆ ಕೋಡ್ ಇಲ್ಲ ಅಂದ ಮಾತ್ರಕ್ಕೆ ನೆಮ್ಮದಿ ಪಡಬೇಡಿ. ಬೆಳಗ್ಗೆ ಅಳಿಸಿ ಮಧ್ಯಾಹ್ನ ತೋರಿಸುವವರಿದ್ದಾರೆ. ಅದನ್ನು ಹಿಡಿಯಲು ಅದೇ ಆ್ಯಪಿನಲ್ಲಿ ‘ರೆಡಿನೆಸ್ ಮಾನಿಟರ್’ ಅಂತ ಇರುತ್ತದೆ, ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡಿದೆಯಾ ಅಂತ ಹೇಳುವ ಪಟ್ಟಿ. ಕೋಡ್ ಅಳಿಸಿದಾಗ ಇವು ಅಪೂರ್ಣ ಅಂತ ತೋರಿಸುತ್ತವೆ, ಮತ್ತೆ ಪೂರ್ತಿಯಾಗಲು ಹಲವು ಸಲ ಓಡಿಸಬೇಕು. ನಿನ್ನೆ ಮೊನ್ನೆ 12 ವೋಲ್ಟ್ ಬ್ಯಾಟರಿ ಬಿಚ್ಚಿದ್ದರೂ ಹಾಗೇ ಆಗಬಹುದು, ಆದ್ದರಿಂದ ಜಗಳ ಬೇಡ. ಒಂದು ವಾರ ಬಿಟ್ಟು ಮತ್ತೆ ಬರುತ್ತೇನೆ ಅನ್ನಿ.

‘ಬ್ಯಾಟರಿ ಹೊಸದು ಹಾಕಿಸಿದ್ದೇವೆ’ ಅಂದರೆ ಬಿಲ್ ಕೇಳಿ. ಹೊಸದು ಬೇರೆ, ರಿಪೇರಿ ಮಾಡಿದ್ದು ಬೇರೆ. ಸೋತ ಒಂದೆರಡು ಮಾಡ್ಯೂಲ್ ತೆಗೆದು ಬೇರೆ ಹಳೇ ಕಾರಿನದ್ದನ್ನು ಹಾಕಿರುತ್ತಾರೆ, ಕಾರು ಓಡುತ್ತದೆ, ಆರು ತಿಂಗಳಿಗೆ ಪಕ್ಕದ್ದು ಸೋಲುತ್ತದೆ. ಎಲ್ಲವೂ ಒಂದೇ ವಯಸ್ಸಿನವು ಅಲ್ವಾ, ಹಾಗಾಗಿ ಇದು ಮುಗಿಯದ ಕೆಲಸ. ನನ್ನ ಮಟ್ಟಿಗೆ ಅಂಥ ಕಾರಿಗಿಂತ ಮುಟ್ಟದ ಹಳೇ ಬ್ಯಾಟರಿಯ ಕಾರೇ ವಾಸಿ. ಕಂಪನಿ ಬ್ಯಾಟರಿ ವಾರಂಟಿ ಇನ್ನೂ ಉಳಿದಿದೆಯಾ, ಎರಡನೇ ಮಾಲೀಕರಿಗೂ ಸಿಗುತ್ತಾ ಅಂತ ಸರ್ವಿಸ್ ಸೆಂಟರಿನಲ್ಲೇ ಕೇಳಿಕೊಳ್ಳಿ, ಮಾರುವವರ ಮಾತಿನ ಮೇಲೆ ಬಿಡಬೇಡಿ.

ಬ್ರೇಕ್ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಾರೆ, ಪ್ಯಾಡ್ ತುಂಬಾ ಬಾಳಿಕೆ ಬರುತ್ತದೆ ಅಂತ. ನಿಜ. ನಿಧಾನ ಮಾಡುವ ಕೆಲಸದಲ್ಲಿ ಹೆಚ್ಚು ಪಾಲು ಮೋಟಾರೇ ಮಾಡಿ ಕರೆಂಟ್ ವಾಪಸ್ ತುಂಬಿಸುತ್ತದೆ. ಆದರೆ ಅದೇ ಕಾರಣಕ್ಕೆ ಪ್ಯಾಡ್, ಡಿಸ್ಕ್ ಕೆಲಸ ಇಲ್ಲದೆ ತುಕ್ಕು ಹಿಡಿಯುತ್ತವೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್‌ಗಳು ಜಾಮ್ ಆಗುತ್ತವೆ. ನನ್ನ ಕಾರಿನಲ್ಲಿ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಇತ್ತು, ಆದರೂ ಹಿಂದಿನ ಒಂದು ಕ್ಯಾಲಿಪರ್ ಪೂರ್ತಿ ಹಿಡಿದುಕೊಂಡು ಚಕ್ರ ಕೆಂಡದ ಹಾಗೆ ಕಾಯುತ್ತಿತ್ತು. ಟೆಸ್ಟ್ ಡ್ರೈವ್ ಮುಗಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಇದೇ. ಇನ್ನೊಂದು, ಕಾರು ನಿಲ್ಲಿಸಿ ಬ್ರೇಕ್ ಒತ್ತಿದಾಗ ಬ್ರೇಕ್ ಪಂಪ್ ಸಣ್ಣಗೆ ಗುರ್ ಅನ್ನುವುದು ಸಹಜ. ಮುಟ್ಟದೇ ಇದ್ದರೂ ಆಗಾಗ ಓಡುತ್ತಿದ್ದರೆ ಒಳಗೆ ಪ್ರೆಶರ್ ಸೋರುತ್ತಿರಬಹುದು. ಆ ಯೂನಿಟ್ ಸಣ್ಣ ಖರ್ಚಲ್ಲ.

ಎಸಿ ಯಾರು ರಿಪೇರಿ ಮಾಡಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು. ತುಂಬಾ ಹೈಬ್ರಿಡ್‌ಗಳಲ್ಲಿ ಎಸಿ ಕಂಪ್ರೆಸರ್ ಬೆಲ್ಟಿನಿಂದ ಅಲ್ಲ, ಹೈ ವೋಲ್ಟೇಜ್ ಕರೆಂಟಿನಿಂದ ತಿರುಗುತ್ತದೆ. ಅದರೊಳಗಿನ ಎಣ್ಣೆ ಕರೆಂಟ್ ಹರಿಯಬಿಡದ ಬೇರೆ ಜಾತಿಯದು. ಗೊತ್ತಿಲ್ಲದವರು ಮಾಮೂಲಿ ಕಾರಿನ ಎಸಿ ಎಣ್ಣೆ ಹಾಕಿಬಿಟ್ಟರೆ ಇನ್ಸುಲೇಶನ್ ಕೆಟ್ಟು ಕರೆಂಟ್ ಲೀಕೇಜ್ ಕೋಡ್ ಬರುತ್ತದೆ, ಕಂಪ್ರೆಸರ್ ಬದಲಾಯಿಸಿ ಇಡೀ ಲೈನ್ ತೊಳೆಯಬೇಕಾಗುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಹಿಂದಿನಿಂದ ಗುದ್ದಿಸಿಕೊಂಡ ಕಾರು ಬೇಡ, ಬ್ಯಾಟರಿ ಅಲ್ಲೇ ಇರುವುದು. ಕಾರಿನ ಕೆಳಗೆ ಬಗ್ಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯಾ, ಕಂಪನಿಯದೇ ಇದೆಯಾ ನೋಡಿ, ಹೈಬ್ರಿಡ್‌ಗಳಿಂದ ಅದನ್ನು ಕೊಯ್ದು ಕದಿಯುವವರಿದ್ದಾರೆ. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ಹೈ ವೋಲ್ಟೇಜಿನವು, ಕಣ್ಣಲ್ಲಿ ನೋಡಿ ಸಾಕು, ಕೈ ಹಾಕಬೇಡಿ.

ಕಿಲೋಮೀಟರ್ ಬಗ್ಗೆ ನನ್ನ ಅಭಿಪ್ರಾಯ ಈ ಐದು ವರ್ಷದಲ್ಲಿ ಪೂರ್ತಿ ಬದಲಾಗಿದೆ. ಮೊದಲು ಕಡಿಮೆ ಓಡಿದ್ದೇ ಒಳ್ಳೆಯದು ಅಂದುಕೊಂಡಿದ್ದೆ. ಈಗ ದಿನಾ ಓಡಿದ, ಸರ್ವಿಸ್ ಪುಸ್ತಕ ತುಂಬಿರುವ 1,40,000ದ ಕಾರು ಮತ್ತು ಹತ್ತು ವರ್ಷದಲ್ಲಿ 30,000 ಓಡಿ ಶೆಡ್ಡಿನಲ್ಲಿ ನಿಂತ ಕಾರು ಎರಡನ್ನೂ ಮುಂದಿಟ್ಟರೆ ನಾನು ಮೊದಲನೆಯದನ್ನೇ ತಗೊಳ್ಳುತ್ತೇನೆ. ಮೈಲೇಜ್ ವಿಷಯಕ್ಕೂ ಒಂದು ಮಾತು. ನನಗೆ ಊರೊಳಗೆ ನಿಂತು ನಿಂತು ಓಡಿಸುವಾಗ ಲೀಟರಿಗೆ 20ರ ಮೇಲೆ ಸಿಗುತ್ತದೆ, ಹೆದ್ದಾರಿಯಲ್ಲಿ ಒಂದೇ ಸಮನೆ ಜೋರಾಗಿ ಹೋದರೆ ಕಡಿಮೆಯಾಗುತ್ತದೆ. ನಿಮ್ಮ ಓಡಾಟವೆಲ್ಲ ಹೆದ್ದಾರಿಯೇ ಆದರೆ ಹೈಬ್ರಿಡ್‌ನಿಂದ ಉಳಿತಾಯ ಕಡಿಮೆ, ಯೋಚಿಸಿ.

ಹೋದ ತಿಂಗಳು ತಂಗಿಗೆ ಅಂತ ಒಂದು ಕಾರು ನೋಡಲು ಹೋಗಿದ್ದೆವು. ಹೊರಗಡೆ ಕನ್ನಡಿ ಥರ ಹೊಳೆಯುತ್ತಿತ್ತು, ಸೀಟ್ ಕವರ್ ಹೊಚ್ಚ ಹೊಸದು. ಮೇಲೆ ಥಳಕು ಒಳಗೆ ಹುಳುಕು ಅಂತಾರಲ್ಲ, ಹಾಗೇ. ಸ್ಟೆಪ್ನಿ ಎತ್ತಿದರೆ ಕೆಳಗೆ ಒಣಗಿದ ಕೆಸರು. ಹಿಂದಿನ ಸೀಟಿನ ಬೋಲ್ಟ್‌ಗಳೆಲ್ಲ ತುಕ್ಕು. ಗಾಳಿ ಜಾಲರಿಗೆ ಮೂಗಿಟ್ಟರೆ ಮುಗ್ಗಲು ವಾಸನೆ. ನೀರಲ್ಲಿ ಮುಳುಗಿದ ಕಾರು ಅದು, ಬ್ಯಾಟರಿ ಇರುವ ಜಾಗದವರೆಗೂ ನೀರು ಬಂದಿತ್ತು. ತಂಗಿಗೆ ಬಣ್ಣ ತುಂಬಾ ಇಷ್ಟವಾಗಿತ್ತು, ಬೇಜಾರು ಮಾಡಿಕೊಂಡಳು. ಆದರೂ ವಾಪಸ್ ಬಂದೆವು. ಈ ಭಾನುವಾರ ಇನ್ನೊಂದು ನೋಡಲು ಹೋಗುತ್ತಿದ್ದೇವೆ, ಬೆಳಗ್ಗೆ ಆರೂವರೆಗೆ. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಅವರಿಗೆ ಹೇಳಿದ್ದೇನೆ, ಆಯ್ತು ಅಂದಿದ್ದಾರೆ.