ಸೂಪರ್‌ಪ್ಲಾಸ್ಟಿಕ್ ಪ್ರಾಜೆಕ್ಟ್: ಲೋಹವೋ, ಸೆರಾಮಿಕ್ಕೋ?
ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಮೆಕ್ಯಾನಿಕಲ್ ಓದುತ್ತ ಸೂಪರ್‌ಪ್ಲಾಸ್ಟಿಸಿಟಿ, ಅಂದರೆ ಗಟ್ಟಿ ವಸ್ತು ಕಾವಿನಲ್ಲಿ ತುಂಡಾಗದೆ ಬಹಳ ಹಿಗ್ಗುವ ಗುಣವನ್ನು, ಪ್ರಾಜೆಕ್ಟಿಗೆ ಹಿಡಿದವರು ಮೊದಲು ನೋಡಬೇಕಾದದ್ದು ಕಾಲೇಜಿನ ಕುಲುಮೆ ಎಷ್ಟು ಡಿಗ್ರಿ ಏರುತ್ತದೆ ಎಂಬುದನ್ನು.

ಲೋಹ, ಸೆರಾಮಿಕ್ ಎರಡರಲ್ಲೂ ನಡೆಯುವುದು ಬಹುಮಟ್ಟಿಗೆ ಒಂದೇ. ಕಾವಿನಲ್ಲಿ ನಿಧಾನವಾಗಿ ಎಳೆದರೆ ವಸ್ತುವಿನೊಳಗಿನ ಸಣ್ಣ ಹರಳುಗಳು ತಮ್ಮ ಗಡಿಗುಂಟ ಒಂದರ ಮೇಲೊಂದು ಜಾರುತ್ತವೆ; ವಸ್ತು ತುಂಡಾಗದೆ ಹಲವು ಪಟ್ಟು ಉದ್ದವಾಗುತ್ತದೆ. 1934ರಲ್ಲೇ ಸಂಶೋಧಕ ಪಿಯರ್ಸನ್ ಬಿಸ್ಮತ್-ತವರದ ಮಿಶ್ರಲೋಹವನ್ನು ಶೇ. 1950ರಷ್ಟು ಹಿಗ್ಗಿಸಿದ್ದರು.

ಲೋಹದಲ್ಲಿ ಸತು ಮತ್ತು ಶೇ. 22 ಅಲ್ಯೂಮಿನಿಯಂ ಮಿಶ್ರಣ ನನ್ನ ಆಯ್ಕೆ. ಸುಮಾರು 350 ಡಿಗ್ರಿಗೆ ಕಾಯಿಸಿ ನೀರಿಗೆ ಅದ್ದಿದರೆ ಹರಳು ಸಣ್ಣದಾಗುತ್ತದೆ. ಆಮೇಲೆ 250 ಡಿಗ್ರಿಯಲ್ಲಿ ಗಾಳಿಯ ಒತ್ತಡಕ್ಕೇ ತಗಡು ಹಪ್ಪಳದಂತೆ ಉಬ್ಬಿ ಅಚ್ಚಿಗೆ ಕೂರುತ್ತದೆ. ಟೈಟಾನಿಯಂ ಆಸೆಯಿದ್ದರೆ 900 ಡಿಗ್ರಿ, ಮೇಲೆ ಲೋಹ ಗಾಳಿಗೆ ಕೆಡದಂತೆ ಆರ್ಗಾನ್ ಅನಿಲದ ಖರ್ಚು.

ಸೆರಾಮಿಕ್ ಕಥೆ ಬೇರೆ. 1986ರಲ್ಲಿ ಜಪಾನಿನ ವಾಕಾಯಿ ತಂಡ ಇಟ್ರಿಯಾ (ಇಟ್ರಿಯಂ ಆಕ್ಸೈಡ್) ಬೆರೆಸಿದ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಸೆರಾಮಿಕ್ಕನ್ನು ಹಿಗ್ಗಿಸಿದ್ದು 1450 ಡಿಗ್ರಿಯಲ್ಲಿ. ಲೋಹಕ್ಕೆ ಹತ್ತು ಮೈಕ್ರಾನ್‌ವರೆಗಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಹರಳು ಸಾಕು, ಇದಕ್ಕೆ ಒಂದಕ್ಕಿಂತ ಕಡಿಮೆ ಬೇಕು. ಕಾವಿನಲ್ಲಿ ಹರಳು ಬೆಳೆದರೆ ಗುಣವೇ ಹೋಯಿತು. ಒಳಗೆ ಪೊಳ್ಳುಗಳೂ ಏಳುತ್ತವೆ. ಜುಲೈ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋಗುವ ನಮ್ಮೂರಲ್ಲಿ ಇಂಥ ಕುಲುಮೆ ನಂಬಿ ಕೂರುವುದು ಧೈರ್ಯವೇ ಸರಿ. ಬೆಂಗಳೂರಿನ ಲ್ಯಾಬೊಂದು ಬಾಗಿಲು ತೆರೆದರೆ ಮಾತ್ರ ಜಿರ್ಕೋನಿಯಾ ಹಿಡಿಯಿರಿ.