ತಾರಸಿ ಸೋಲಾರ್: 2 ಕಿಲೋವ್ಯಾಟ್ ಸಾಕಾ, 3 ಬೇಕಾ, 5 ಹಾಕಿಸಲಾ?

ಮೊದಲು ಸಬ್ಸಿಡಿ ನೋಡಿ. ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000 ರೂಪಾಯಿ, 3ಕ್ಕೆ 78,000. 5 ಹಾಕಿಸಿದರೂ ಅದೇ 78,000. 3ರ ಮೇಲೆ ಹಾಕಿಸುವ 2 ಕಿಲೋವ್ಯಾಟ್‌ನ ಖರ್ಚು ಪೂರ್ತಿ ನಿಮ್ಮದೇ. ಎಸಿ, ಎಲೆಕ್ಟ್ರಿಕ್ ಕಾರು ಇದ್ದರೆ ಸರಿ, ಸುಮ್ನೆ ಇರಲಿ ಅಂತ 5 ಬೇಡ.

ಜಾಗ ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ, ಅದೂ ನೀರಿನ ಟ್ಯಾಂಕಿನ ನೆರಳು ಬೀಳದ ಕಡೆ. ತಾರಸಿ ಚಿಕ್ಕದಾದರೆ 2ಕ್ಕೇ ನಿಲ್ಲಿಸಿ.

ಸಬ್ಸಿಡಿ ಮುಂಚೆ ಬರಲ್ಲ. ನೆಟ್ ಮೀಟರ್ (ನೀವು ಲೈನ್‌ಗೆ ಕೊಟ್ಟ, ಲೈನ್‌ನಿಂದ ಪಡೆದ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಕೂತ ಮೇಲೆಯೇ ಖಾತೆಗೆ ಬೀಳುತ್ತದೆ. ಅಲ್ಲಿವರೆಗೆ ಕೈಯಿಂದಲೋ ಸಾಲದಿಂದಲೋ ಹೊಂದಿಸಬೇಕು. ಸಬ್ಸಿಡಿ ಬೇಕಾದರೆ ಪ್ಯಾನೆಲ್ಲೂ ದೇಶೀಯವೇ ಆಗಿರಬೇಕು.

ತಿಂಗಳಿಗೆ 300 ಯೂನಿಟ್ ಆಸುಪಾಸು ಓಡುವ ಮನೆಗೆ 3 ಹೊಂದುತ್ತದೆ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದರೆ? ಸದ್ಯಕ್ಕೆ ಯಾವುದಕ್ಕೂ ಅವಸರ ಇಲ್ಲ ಅನ್ನೋದು ನನ್ನ ಅಭಿಪ್ರಾಯ.