ಸೊನ್ನೆಯೂ ಒಂದು ಉತ್ತರ: ಪೈಥಾನ್‌ನ ಒಂದು ಸಾಲಿನ ಇಫ್-ಎಲ್ಸ್ ಬಳಸಿ ನೋಡಿದ ಮೇಲೆ

ನಮ್ಮೂರಿನ ಹಾಲು ಉತ್ಪಾದಕರ ಸಂಘದ ಬಟವಾಡೆ ಲೆಕ್ಕಕ್ಕಾಗಿ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದು ನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ‘ದಾಖಲೆ ಇದ್ದರೆ ಅದನ್ನು ತೆಗೆದುಕೊ, ಇಲ್ಲದಿದ್ದರೆ ಈ ಡಿಫಾಲ್ಟ್ ಮೌಲ್ಯವನ್ನು ಇಟ್ಟುಕೊ’ ಎಂಬ ಅರ್ಥದ ಸಾಲನ್ನು ಅದರಲ್ಲಿ ಬರೆದಷ್ಟು ಬಾರಿ ಬೇರಾವ ಸಾಲನ್ನೂ ಬರೆದಿಲ್ಲ. ಈ ಒಂದು ಕೆಲಸಕ್ಕೆ ಪೈಥಾನ್ ಕೊಡುವ ಸಲಕರಣೆಗಳು ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹ ಎಂಬುದನ್ನು ಬಳಕೆಯ ಅನುಭವದಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲಕರಣೆ ಒಂದೇ ಸಾಲಿನ ಇಫ್-ಎಲ್ಸ್: ‘ದರ = ಹೊಸದರ ಇಫ್ ಹೊಸದರ ಈಸ್ ನಾಟ್ ನನ್ ಎಲ್ಸ್ ಹಳೆದರ’. ‘ನನ್’ ಎಂದರೆ ‘ಮೌಲ್ಯವೇ ಇಲ್ಲ’ ಎಂಬುದಕ್ಕೆ ಪೈಥಾನ್‌ನ ಗುರುತು. ಹೊಸದರ ಇದ್ದರೆ ಅದು, ಇಲ್ಲದಿದ್ದರೆ ಹಳೆದರ ಎಂಬುದು ಈ ಸಾಲಿನ ಅರ್ಥ. (ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ, ಅಂದರೆ ಮೌಲ್ಯಗಳನ್ನು ಇಟ್ಟುಕೊಳ್ಳುವ ಹೆಸರುಗಳಿಗೆ, ನಿಜಕ್ಕೂ ಹೀಗೆ ಕನ್ನಡದ ಹೆಸರು ಇಡಬಹುದು, ಕೀವರ್ಡ್‌ಗಳು ಮಾತ್ರ ಇಂಗ್ಲಿಷಿನವು.) ಕನ್ನಡದಲ್ಲಿ ನಾವು ಷರತ್ತನ್ನು ಮೊದಲು ಹೇಳಿ ಫಲವನ್ನು ಆಮೇಲೆ ಹೇಳುವವರಾದ್ದರಿಂದ, ಫಲವೇ ಮುಂದೆ ಬಂದು ಷರತ್ತು ನಡುವೆ ಕೂರುವ ಈ ಕ್ರಮಕ್ಕೆ ಕಣ್ಣು ಒಗ್ಗಲು ನನಗೆ ಕೆಲವು ವಾರಗಳೇ ಬೇಕಾದವು. ಆದರೆ ಕಂಪ್ಯೂಟರ್ ನಡುವಿನ ಷರತ್ತನ್ನೇ ಮೊದಲು ಪರೀಕ್ಷಿಸಿ, ಎರಡು ಬದಿಗಳಲ್ಲಿ ಬೇಕಾದುದನ್ನಷ್ಟೇ ಲೆಕ್ಕ ಹಾಕುತ್ತದೆ. ಇನ್ನೊಂದು ಬದಿಯನ್ನು ಮುಟ್ಟುವುದೇ ಇಲ್ಲ. ಡಿಫಾಲ್ಟ್ ಮೌಲ್ಯವನ್ನು ಹಳೆಯ ಕಡತಗಳಿಂದ ಹುಡುಕಿ ತರಬೇಕಾದ ಕಡೆ ಇದು ದೊಡ್ಡ ಉಪಕಾರ.

ಈ ರೂಪ ಪೈಥಾನ್‌ಗೆ ಸೇರಿದ್ದು 2006ರಲ್ಲಿ ಬಂದ 2.5ನೇ ಆವೃತ್ತಿಯಲ್ಲಿ. 2003ರಲ್ಲಿ ಬಳಕೆದಾರರ ಮತ ಕೇಳಿದಾಗ ಯಾವ ಒಂದು ರೂಪಕ್ಕೂ ಸ್ಪಷ್ಟ ಬೆಂಬಲ ಸಿಗಲಿಲ್ಲ. ಕೊನೆಗೆ 2005ರಲ್ಲಿ ಪೈಥಾನ್‌ನ ಸೃಷ್ಟಿಕರ್ತ ಗೈಡೊ ವಾನ್ ರಾಸಮ್ ಅವರೇ ಈಗಿನ ರೂಪವನ್ನು ಆರಿಸಿದರು. ಅದಕ್ಕೆ ಮುಂಚೆ ಜನ ‘ಆ್ಯಂಡ್’ (ಮತ್ತು), ‘ಆರ್’ (ಅಥವಾ) ಎಂಬ ಕೀವರ್ಡ್‌ಗಳನ್ನು ‘ಷರತ್ತು ಆ್ಯಂಡ್ ಒಂದುಮೌಲ್ಯ ಆರ್ ಇನ್ನೊಂದುಮೌಲ್ಯ’ ಎಂದು ಹೆಣೆದು ಇದೇ ಕೆಲಸ ಮಾಡಿಸಿಕೊಳ್ಳುತ್ತಿದ್ದರು, ನಡುವಿನ ಮೌಲ್ಯ ಸೊನ್ನೆಯೋ ಖಾಲಿ ಪಟ್ಟಿಯೋ ಆಗಿದ್ದರೆ ಷರತ್ತು ಸರಿಯಿದ್ದರೂ ಮೂರನೆಯ ಮೌಲ್ಯವೇ ಉತ್ತರವಾಗಿ ಬಂದುಬಿಡುತ್ತಿತ್ತು. ಆ ತಪ್ಪುಗಳನ್ನು ತಪ್ಪಿಸುವುದೇ ಹೊಸ ರೂಪದ ಮುಖ್ಯ ಉದ್ದೇಶವಾಗಿತ್ತು.

ಆದರೂ ಅದೇ ತಪ್ಪನ್ನು ನಾನು ಇನ್ನೊಂದು ದಾರಿಯಲ್ಲಿ ಮಾಡಿದೆ. ‘ಲೀಟರ್ = ದಾಖಲೆ ಆರ್ ಹಿಂದಿನಅಳತೆ’ ಎಂಬ ಸಾಲು ಎಷ್ಟು ಚಿಕ್ಕದು, ಎಷ್ಟು ಓದಿಸಿಕೊಳ್ಳುತ್ತದೆ! ಕರೆಂಟು ಹೋಗಿ ಅಳತೆ ದಾಖಲಾಗದ ಹೊತ್ತಿಗೆ ಹಿಂದಿನ ಅಳತೆಯನ್ನೇ ಹಿಡಿಯಬೇಕೆಂಬುದು ನಮ್ಮ ನಿಯಮವಾಗಿತ್ತು. ಹಸು ಬತ್ತಿದ್ದರಿಂದ ಹಾಲು ಹಾಕದ ಸದಸ್ಯರ ಮುಂದೆ ಕಾರ್ಯದರ್ಶಿಗಳು ಸೊನ್ನೆಯನ್ನು ಸರಿಯಾಗಿಯೇ ನಮೂದಿಸಿದ್ದರು, ಆದರೆ ನನ್ನ ಸಾಲು ಆ ಸೊನ್ನೆಯನ್ನು ‘ದಾಖಲೆ ಇಲ್ಲ’ ಎಂದು ಓದಿ ಹಿಂದಿನ ಹೊತ್ತಿನ ಅಳತೆಯನ್ನು ಅವರ ಲೆಕ್ಕಕ್ಕೆ ಸೇರಿಸುತ್ತಾ ಹೋಯಿತು. ಹಾಕದ ಹಾಲಿಗೆ ಹಣ ಬಂದಿದೆ ಎಂದು ಆ ಸದಸ್ಯರೇ ಬಂದು ಹೇಳುವವರೆಗೆ ನನಗೆ ಅದು ತಿಳಿಯಲಿಲ್ಲ. ‘ಆರ್’ ಕೇಳುವ ಪ್ರಶ್ನೆ ‘ಇದು ಖಾಲಿಯೇ’ ಎಂಬುದು. ನನಗೆ ಬೇಕಾಗಿದ್ದ ಪ್ರಶ್ನೆ ‘ಇದು ದಾಖಲಾಗಿದೆಯೇ’ ಎಂಬುದು. ಸೊನ್ನೆ, ಖಾಲಿ ಅಕ್ಷರಸಾಲು, ಖಾಲಿ ಪಟ್ಟಿ, ‘ಫಾಲ್ಸ್’, ‘ನನ್’ ಇವೆಲ್ಲವೂ ‘ಆರ್’ನ ಕಣ್ಣಿಗೆ ಒಂದೇ. 2015ರಲ್ಲಿ 3.5ನೇ ಆವೃತ್ತಿ ಬರುವವರೆಗೆ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿಯ ಗಳಿಗೆಯೂ ಇದೇ ಸಾಲಿಗೆ ಸೇರಿತ್ತು: ಸಮಯವನ್ನು ಹೀಗೆ ಪರೀಕ್ಷಿಸಿದ ಪ್ರೋಗ್ರಾಂ ದಿನವೆಲ್ಲ ಸರಿಯಾಗಿದ್ದು ಸರಿಯಾಗಿ ಹನ್ನೆರಡಕ್ಕೆ ತಪ್ಪುತ್ತಿತ್ತು.

ಪೈಥಾನ್‌ನಲ್ಲಿ ಕೀ ಎಂಬ ಹೆಸರಿನ ಮುಂದೆ ಮೌಲ್ಯವನ್ನು ಇಡುವ ಪಟ್ಟಿಗೆ ಡಿಕ್ಷನರಿ ಎನ್ನುತ್ತಾರೆ. ಕೀ ಇದ್ದರೆ ಅದರ ಮೌಲ್ಯವನ್ನು, ಇಲ್ಲದಿದ್ದರೆ ಡಿಫಾಲ್ಟನ್ನು ಕೊಡುವ ಅದರ ‘ಗೆಟ್’ ಈ ವಿಷಯದಲ್ಲಿ ಮೇಲು, ಏಕೆಂದರೆ ಅದು ಸೊನ್ನೆಯನ್ನು ಗೌರವಿಸುತ್ತದೆ. ಆದರೆ ಕೀ ಇದ್ದು ಅದರ ಮೌಲ್ಯ ‘ನನ್’ ಆಗಿದ್ದರೆ ಡಿಫಾಲ್ಟ್ ಕೊಡದೆ ‘ನನ್’ ಅನ್ನೇ ಹಿಂದಿರುಗಿಸುತ್ತದೆ. ಅಲ್ಲದೆ ಡಿಫಾಲ್ಟ್‌ನ ಜಾಗದಲ್ಲಿ ಫಂಕ್ಷನ್ ಕರೆ (ಬೇರೆಡೆ ಬರೆದಿಟ್ಟ ಕೆಲಸವನ್ನು ಮಾಡಿಸುವ ಆದೇಶ) ಇದ್ದರೆ, ಬೇಕಿರಲಿ ಬೇಡದಿರಲಿ, ಅದು ಪ್ರತಿ ಬಾರಿಯೂ ನಡೆಯುತ್ತದೆ. ಕೋಷ್ಟಕಗಳನ್ನು ನಿಭಾಯಿಸುವ ಪಾಂಡಾಸ್ ಎಂಬ ಪೈಥಾನ್ ಲೈಬ್ರರಿಯ ಮೂಲಕ ಓದಿದ ಕಡತದಲ್ಲಿ ಬಿಟ್ಟುಹೋದ ಅಂಕಿ ‘ನ್ಯಾನ್’ (‘ಸಂಖ್ಯೆಯಲ್ಲ’ ಎಂಬ ಗುರುತು, ‘ನನ್’ಗಿಂತ ಬೇರೆ) ಆಗಿ ಬರುವುದರಿಂದ ಅದು ‘ಆರ್’ಗೂ ಸಿಗುವುದಿಲ್ಲ, ‘ಈಸ್ ನನ್’ ಪರೀಕ್ಷೆಗೂ ಸಿಗುವುದಿಲ್ಲ. ಅಲ್ಲಿ ಖಾಲಿ ಜಾಗಗಳನ್ನು ತುಂಬುವ ಪಾಂಡಾಸ್‌ನದೇ ‘ಫಿಲ್‌ಎನ್‌ಎ’ ಬಳಸಬೇಕು.

ಇಫ್-ಎಲ್ಸ್ ಸಾಲಿನದೇ ಆದ ಒಂದು ದೋಷವನ್ನೂ ಹೇಳಬೇಕು. ‘ಮೊತ್ತ + ಬೋನಸ್ ಇಫ್ ಬೋನಸ್ ಈಸ್ ನಾಟ್ ನನ್ ಎಲ್ಸ್ 0’ ಎಂದು ಬರೆದರೆ ಬೋನಸ್ ಇಲ್ಲದ ಸದಸ್ಯರಿಗೆ ಬೋನಸ್ ಮಾತ್ರ ಸೊನ್ನೆಯಾಗುವುದಿಲ್ಲ, ಇಡೀ ಮೊತ್ತವೇ ಸೊನ್ನೆಯಾಗುತ್ತದೆ, ಏಕೆಂದರೆ ಕೂಡುವ ಚಿಹ್ನೆ ಇಫ್‌ಗಿಂತ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಇಡೀ ಇಫ್-ಎಲ್ಸ್ ಭಾಗಕ್ಕೆ ಆವರಣ ಹಾಕದೆ ಬೇರೆ ಲೆಕ್ಕದೊಡನೆ ಅದನ್ನು ಬೆರೆಸಲೇಬಾರದು. ಒಂದರೊಳಗೆ ಇನ್ನೊಂದು ಇಫ್-ಎಲ್ಸ್ ತುರುಕುವುದಂತೂ ಓದುವವರಿಗೆ ಮಾಡುವ ಅನ್ಯಾಯ. ಅಲ್ಲಿ ನಾಲ್ಕು ಸಾಲುಗಳ ಸಾದಾ ಇಫ್ ಬರೆಯುವುದೇ ಲೇಸು.

ನನ್ನ ನಿಜವಾದ ದೂರು ಬೇರೆಯದು. ‘ನನ್ ಆಗಿದ್ದರೆ ಮಾತ್ರ’ ಎಂಬುದನ್ನು ಸಿ ಶಾರ್ಪ್, ಪಿಎಚ್‌ಪಿ, ಜಾವಾಸ್ಕ್ರಿಪ್ಟ್‌ಗಳಲ್ಲಿ ಜೋಡಿ ಪ್ರಶ್ನಾರ್ಥಕ ಚಿಹ್ನೆಯೊಂದೇ ಹೇಳಿಬಿಡುತ್ತದೆ. ಪೈಥಾನ್‌ಗೆ ಅಂಥದ್ದನ್ನು ತರುವ ಪೆಪ್ 505 ಎಂಬ ಪ್ರಸ್ತಾವ 2015ರಲ್ಲೇ ಬಂದರೂ ಮುಂದೂಡಲ್ಪಟ್ಟಿದೆ. ಹಾಗಾಗಿ ಹೆಸರನ್ನು ಎರಡೆರಡು ಬಾರಿ ಬರೆಯುವ ಶ್ರಮ ನಮಗೆ ಉಳಿದಿದೆ, ಸಾಲಿನ ನಡುವೆಯೇ ಮೌಲ್ಯಕ್ಕೆ ಹೆಸರಿಡುವ 3.8ನೇ ಆವೃತ್ತಿಯ ವಾಲ್ರಸ್ ಚಿಹ್ನೆ (:=) ಅದನ್ನು ಕೊಂಚ ತಗ್ಗಿಸುತ್ತದೆಯಾದರೂ ಸಾಲಿನ ಸರಳತೆಯನ್ನು ಕೆಡಿಸುತ್ತದೆ. ಇಷ್ಟಾದರೂ ಅಂಕಿಗಳಿರುವ ಯಾವ ಲೆಕ್ಕಕ್ಕೂ ‘ಈಸ್ ನಾಟ್ ನನ್’ ಸಹಿತವಾದ ಉದ್ದನೆಯ ಸಾಲನ್ನೇ ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಸಂಘದ ಪ್ರೋಗ್ರಾಂನಲ್ಲಿ ಈಗ ‘ಆರ್’ ಉಳಿದಿರುವುದು ಒಂದೇ ಕಡೆ: ರಸೀದಿಯಲ್ಲಿ ಸದಸ್ಯರ ಮನೆತನದ ಹೆಸರಿನ ಅಂಕಣ ಖಾಲಿಯಿದ್ದರೆ ಅಲ್ಲಿ ಊರಿನ ಹೆಸರನ್ನು ಮುದ್ರಿಸುವ ಸಾಲಿನಲ್ಲಿ.